ಒಲ್ಲೆ ಎನ್ನಲು ಕಲಿಸಿದ ಅಕ್ಕೋರು

ಅಕ್ಕೋರು 'ಇಲ್ಲ' ಎನ್ನಬೇಕಾದರೆ ತಲೆ ಅಲ್ಲಾಡಿಸುತ್ತಿರಲಿಲ್ಲ. ಎರಡೂ ಹುಬ್ಬುಗಳು ಹಣೆಯ ನಡುವಿನವರೆಗೆ ಏರುತ್ತಿದ್ದವು, ಗದ್ದ ಒಂದಿಷ್ಟು ಮೇಲೆ ಹೋಗುತ್ತಿತ್ತು, ಹಲ್ಲಿನ ಹಿಂದಿನಿಂದ ನಾಲಿಗೆ 'ಚಿಕ್' ಎಂದು ಸಣ್ಣ ಸದ್ದು ಮಾಡುತ್ತಿತ್ತು. ಅಷ್ಟೇ. ರಾಯಚೂರಿನ ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಮಾರುವವಳು ಆ ಹುಬ್ಬು ನೋಡಿ, "ಏನ್ ಬೇ, ಹೌದಂತೀಯೋ ಇಲ್ಲಂತೀಯೋ, ಬಾಯಿ ಬಿಟ್ಟು ಹೇಳು" ಎಂದು ಗದರುತ್ತಿದ್ದಳು. ಅಕ್ಕೋರು ಬಾಯಿ ಬಿಡದೆ ಮುಂದಿನ ಬುಟ್ಟಿಗೆ ಹೋಗುತ್ತಿದ್ದರು. ತುರ್ಕಿ ದೇಶದವರು ಹಾಗೆಯೇ 'ಇಲ್ಲ' ಅನ್ನುತ್ತಾರಂತೆ. ಅಲ್ಲಿ ಕೆಲಸ ಮಾಡಿ ಬಂದ ಅವರು ಆ ರೂಢಿಯ ಜೊತೆಗೆ ಇನ್ನೆರಡು ತಂದಿದ್ದರು: ಆ ದೇಶದ ಭಾಷೆ, ಮತ್ತು ಒಬ್ಬ ಮನುಷ್ಯನ ಮೇಲಿನ ಸೇಡು. ಭಾಷೆಯನ್ನು ನನಗೆ ಕಲಿಸಿದರು. ಸೇಡು ಕಲಿಸದೆಯೇ ಬಂತು.

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತೇವೆ. ಅವರು ಯಾವ ಶಾಲೆಯಲ್ಲೂ ಕೆಲಸಕ್ಕಿರಲಿಲ್ಲ. ದೇವದುರ್ಗ ತಾಲ್ಲೂಕಿನ ಗಬ್ಬೂರಿನವರು. ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಹತ್ತನೆಯ ತರಗತಿ ಓದಿ, ಒಂದು ಖಾಸಗಿ ದವಾಖಾನೆಯಲ್ಲಿ ಆಯಾ ಆಗಿ ಕೆಲಸ ಕಲಿತು, ಆಮೇಲೆ ಇಜ್ಮಿರ್ ಎಂಬ ಊರಿನ ಒಂದು ಮನೆಗೆ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳಲು ಹೋಗಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಮೆಟ್ಟಿಲ ಬುಡದಲ್ಲಿ. ನಮ್ಮದು ಮಾನ್ವಿ ತಾಲ್ಲೂಕಿನ ಪೋತ್ನಾಳ. ಅಪ್ಪ ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಬಿ.ಎ. ಮುಗಿಸಿ ಎರಡು ವರ್ಷ ಅಲ್ಲಿ ಇಲ್ಲಿ ಅಲೆದ ಮೇಲೆ, ತುರ್ಕಿಯ ಸಮುದ್ರದಂಡೆಯ ಹೋಟೆಲುಗಳಿಗೆ ಹುಡುಗಿಯರು ಬೇಕು ಎಂಬ ಸುದ್ದಿ ಕೇಳಿ, ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿದ್ದ ಏಜೆಂಟನ ಆಫೀಸು ಹುಡುಕಿಕೊಂಡು ಬಂದು, ಅವನ ವಾರದ ಟ್ರೈನಿಂಗ್ ಮುಗಿಸಿದ್ದೆ. ಆಫೀಸು ಮೇಲಿನ ಮಹಡಿಯಲ್ಲಿತ್ತು. ಮರುದಿನ ಮತ್ತೆ ಮೆಟ್ಟಿಲು ಹತ್ತಲು ಹೋದಾಗ ಕೆಳಗೆ ನಿಂತಿದ್ದ ಗಿಡ್ಡ ಹೆಂಗಸೊಬ್ಬಳು ಕೈ ಅಡ್ಡ ಇಟ್ಟಳು.

"ಇವನ ಕಡೆ ಟ್ರೈನಿಂಗ್ ಮುಗದದೇನು?"

"ಮುಗದದ್ರಿ. ವಾರದ್ದು."

"'ಇಲ್ಲ' ಅನ್ನಾಕ ಕಲ್ಸ್ಯಾನೇನು?"

ನಾನು ನೆನಪು ಮಾಡಿಕೊಂಡೆ. ಎವೆತ್ ಅಂದರೆ ಹೌದು. ತಮಾಮ್ ಅಂದರೆ ಆಯಿತು. ಬುಯುರುನ್ ಅಂದರೆ ಬರ್ರಿ, ತಗೊಳ್ರಿ. ಇಲ್ಲ ಎನ್ನುವುದಕ್ಕೆ ಏನೂ ನೆನಪಾಗಲಿಲ್ಲ.

"ಕಲ್ಸಿಲ್ರಿ," ಎಂದೆ.

"ಕಲ್ಸಂಗಿಲ್ಲ ಅವ. ಎದುರಿನ ಟೇಲರ್ ಅಂಗಡಿ ಮ್ಯಾಲ ನನ್ನ ಖೋಲಿ ಅದ. ಅದೊಂದು ಕಲ್ತು ಆಮ್ಯಾಲ ಅವನ ಮೆಟ್ಟಲಾ ಹತ್ತು."

ಟ್ರೈನಿಂಗಿನಲ್ಲಿ ಯಾರೋ ಒಬ್ಬಳು ಏಜೆಂಟನನ್ನು ಕೇಳಿದ್ದು ಆಗ ನೆನಪಾಯಿತು: "ಒಲ್ಲೆ ಅನ್ನಾಕ ಏನಂತಾರ್ರಿ?" ಏಜೆಂಟ ನಕ್ಕಿದ್ದ. "ನೌಕರಿಗೆ ಹೋಗೋರಿಗೆ ಆ ಮಾತ್ಯಾಕ ಬೇಕವ್ವಾ?" ನಾವೂ ನಕ್ಕಿದ್ದೆವು.

ಆ ಖೋಲಿಯಲ್ಲಿ ಒಂದು ಕರಿಹಲಗೆ, ಒಂದು ಚಾಪೆ, ಕಿಟಕಿಯ ಪಕ್ಕ ಒಂದು ಕುರ್ಚಿ. ಕುರ್ಚಿಯನ್ನು ಎಂದೂ ಬೇರೆ ಕಡೆ ಸರಿಸುವಂತಿರಲಿಲ್ಲ. ಅಲ್ಲಿ ಕೂತರೆ ಏಜೆಂಟನ ಬಾಗಿಲು ನೇರ ಕಾಣುತ್ತಿತ್ತು. ಅಕ್ಕೋರು ಹಾಲಿಲ್ಲದ ಕೆಂಪು ಚಾ ಕುಡಿಯುತ್ತ, ಯಾರು ಹತ್ತಿದರು ಯಾರು ಇಳಿದರು ಎಂದು ನೋಡುತ್ತ ಪಾಠ ಹೇಳುತ್ತಿದ್ದರು. ಹತ್ತಿದವರು ಇಳಿದ ಕೂಡಲೇ ಅರ್ಧ ಮಾತಿನಲ್ಲಿ ಪಾಠ ಬಿಟ್ಟು ಕೆಳಗೆ ಹೋಗಿ ಅವರನ್ನು ಕರೆತರುತ್ತಿದ್ದರು.

ಬೇರೆಯವರು ಭಾಷೆಯನ್ನು ನಮಸ್ಕಾರದಿಂದ ಶುರು ಮಾಡುತ್ತಾರೆ. ಅಕ್ಕೋರು 'ಇಲ್ಲ' ಎಂಬುದರಿಂದ ಶುರು ಮಾಡಿದರು.

"ಎವ್ ಅಂದ್ರ ಮನಿ. ಎವ್ ಯೋಕ್, ಮನಿ ಇಲ್ಲ. ಎವ್ ದೇಯಿಲ್, ಇದು ಮನಿ ಅಲ್ಲ. ಇಲ್ಲ ಬ್ಯಾರೆ, ಅಲ್ಲ ಬ್ಯಾರೆ. ನಿಮ್ಮವ್ವ ನಿಮಗ ಹುಟ್ಟಾ ಕಲ್ಸಿದ್ದು ಇದು. ಅವರೂ ಹಂಗ ಅಂತಾರ. ಅಂಜಬ್ಯಾಡ್ರಿ."

ನಿಜವಾಗಿಯೂ ಅಂಜಿಕೆ ಹೋಯಿತು. ಮನೆಗೆ ಎಂದರೆ ಎವೆ, ಮನೆಯಲ್ಲಿ ಎಂದರೆ ಎವ್ದೆ, ಮನೆಯಿಂದ ಎಂದರೆ ಎವ್ದೆನ್. ನಮ್ಮಂತೆಯೇ ಬಾಲ ಅಂಟಿಸುತ್ತ ಹೋಗುವುದು. ಪುಸ್ತಕ ಕಿತಾಪ್, ಸಾಬೂನು ಸಾಬುನ್, ಲೋಕ ದುನ್ಯಾ. ಅರ್ಧ ಮಾತುಗಳು ರಾಯಚೂರಿನ ಸಾಬರ ಓಣಿಯಲ್ಲೇ ಸಿಗುತ್ತಿದ್ದವು. ಮನೆಗಳು ಎಂದರೆ ಎವ್ಲೆರ್, ಆದರೆ ಕಿತಾಪ್‌ಗೆ ಕಿತಾಪ್ಲಾರ್. "ಮುಂದಿನ ಅಕ್ಷರ ಹೆಂಗ ಬಾಯಿ ತೆರಿತೈತೋ ಹಿಂದಿನ ಬಾಲಾನೂ ಹಂಗ ತೆರೀಬೇಕು. ಗಂಡನ ಮನ್ಯಾಗ ಸೊಸಿ ಹೊಂದಿಕೊಂಡಂಗ," ಅಂದು, ತಾವೇ ಮುಖ ಸಿಂಡರಿಸಿ, "ಸೊಸಿ ಮಾತು ಬ್ಯಾಡ ಬಿಡು" ಎನ್ನುತ್ತಿದ್ದರು. ಅವರು ಮದುವೆಯಾಗಿರಲಿಲ್ಲ.

ಕಠಿಣವಾದದ್ದು ಕ್ರಿಯಾಪದದ 'ಇಲ್ಲ'. ಗೆಲಿಯೋರುಮ್ ಎಂದರೆ ಬರುತ್ತಿದ್ದೇನೆ. ಗೆಲ್ಮಿಯೋರುಮ್ ಎಂದರೆ ಬರುತ್ತಿಲ್ಲ. "ನಮ್ಮ ಇಲ್ಲ ಮಾತಿನ ಕಡೀಗೆ ಬರ್ತದ, ಕಾದು ಕೇಳಿದ್ರ ಸಾಕು. ಅವರ ಇಲ್ಲ ಮಾತಿನ ಹೊಟ್ಟ್ಯಾಗ ಕೂತಿರ್ತದ. ನಡುವಿನ ಆ 'ಮಿ' ನೋಡ್ರಿ, ಅಕ್ಕ್ಯಾಗಿನ ಹಳ್ಳಿನಂಗ. ಹಲ್ಲಿಗೆ ಸಿಕ್ಕಾಗ ಗೊತ್ತಾಕ್ಕದ." ಆಮೇಲೆ ಇನ್ನೊಂದು ಬರೆಯುತ್ತಿದ್ದರು: ಗಿದಿಯೋರ್ಸುನ್, ನೀನು ಹೋಗುತ್ತಿದ್ದೀ. ಗಿತ್ಮಿಯೋರ್ಸುನ್, ನೀನು ಹೋಗುತ್ತಿಲ್ಲ. ಈ ಎರಡನ್ನು ನಮ್ಮಿಂದ ಹೇಳಿಸುತ್ತಲೇ ಇರುತ್ತಿದ್ದರು. ಅವರು ಹಿಂದೆ ನಿಂತು ಹೇಳುವುದು, ನಾವು ಕಣ್ಣು ಮುಚ್ಚಿ ಹೌದೋ ಅಲ್ಲವೋ ಗುರುತಿಸುವುದು. ತಪ್ಪಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು, ನಿಜವಾದ ಗುದ್ದು.

ಒಂದು ದಿನ ನಾನು ಬೇಸರಪಟ್ಟು, "ಇದೊಂದ ಮಾತು ಎಷ್ಟಂತ ಹೇಳಸ್ತೀರ್ರಿ ಅಕ್ಕೋರೆ?" ಎಂದೆ. ಅವರು ಕುರ್ಚಿಯಲ್ಲಿ ಕೂತು, ಕಿಟಕಿಯ ಕಡೆಯೇ ನೋಡುತ್ತ ಹೇಳಿದರು.

ಅವರು ಇಜ್ಮಿರಿಗೆ ಹೋದ ಮೊದಲ ವರ್ಷವೇ ಗಬ್ಬೂರಿನಲ್ಲಿ ಅವರ ಅವ್ವ ತೀರಿಕೊಂಡಳು. ತಮ್ಮ ಫೋನ್ ಮಾಡಿದ. ಅವರ ಜಾತಿಯಲ್ಲಿ ಹೂಳುವುದು ಪದ್ಧತಿ. ಇಡೋಣ, ನೀ ಬಾ, ನೀ ಬಂದ ಮೇಲೆಯೇ ಮಣ್ಣು ಮಾಡೋಣ ಎಂದ. ಅಕ್ಕೋರು ಇಜ್ಮಿರಿಗೆ ಕಳಿಸಿದ್ದ ಇದೇ ಏಜೆಂಟನಿಗೆ ಫೋನ್ ಮಾಡಿ ಅತ್ತರು. ಅವನು, "ಮನಿಯವರ ಕಡೆ ನಾ ಮಾತಾಡ್ತೀನಿ, ನೀವು ಬ್ಯಾಗ್ ಕಟ್ರಿ" ಎಂದ. ಸ್ವಲ್ಪ ಹೊತ್ತಿಗೆ ಆ ಮನೆಯ ಸೊಸೆ ಅಡುಗೆಮನೆಗೆ ಬಂದು, ಇವರ ಹೆಗಲ ಮೇಲೆ ಕೈಯಿಟ್ಟು, ಮೆತ್ತಗೆ ಒಂದು ಮಾತು ಕೇಳಿದಳು: "ಗಿತ್ಮಿಯೋರ್ಸುನ್, ದೇಯಿಲ್ ಮಿ?"

'ಗಿತ್' ಎಂದರೆ ಹೋಗು ಎಂಬುದಷ್ಟೇ ಇವರಿಗೆ ಗೊತ್ತಿತ್ತು. ಹೋಗುತ್ತೀಯಲ್ಲ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ಎರಡೂ ಕೈ ಮುಗಿದು, "ಎವೆತ್, ಎವೆತ್" ಎಂದರು. ಸೊಸೆ ಕಣ್ಣೊರೆಸಿಕೊಂಡು, ಇವರ ಹಣೆಗೆ ಮುತ್ತು ಕೊಟ್ಟು ಹೋದಳು. ಇವರು ಬ್ಯಾಗು ಕಟ್ಟಿ ಬಾಗಿಲ ಬಳಿ ಕೂತರು. ಕಾರು ಬರಲಿಲ್ಲ. ಯಾರೂ ಏನೂ ಹೇಳಲಿಲ್ಲ. ಗಬ್ಬೂರಿನಲ್ಲಿ ಕಾದು ಕಾದು, ಇನ್ನು ಇಡಲು ಆಗುವುದಿಲ್ಲ ಎಂದು ಮಣ್ಣು ಮಾಡಿದರು.

"ಆ ಮನಿಯವರನ್ನ ಏಸೋ ತಿಂಗಳು ಮನಸಿನಾಗ ಶಪಿಸೀನಿ," ಅಂದರು ಅಕ್ಕೋರು. "ಮಾತು ಕೊಟ್ಟು ತಪ್ಪಿದ್ರು ಅಂತ."

ಇವರಿಗೆ 'ಇಲ್ಲ'ವನ್ನು ಕಲಿಸಿದ್ದು ಹಾಸಿಗೆ ಹಿಡಿದಿದ್ದ ಆ ಮುದುಕಿ. ಗಂಜಿ ತಂದರೆ ಯೆಮೆಮ್, ತಿನ್ನುವುದಿಲ್ಲ. ಗುಳಿಗೆ ತಂದರೆ ಇಚ್ಮೆಮ್, ಕುಡಿಯುವುದಿಲ್ಲ. ಏನು ತಂದರೂ ಇಸ್ತೆಮೆಮ್. "ನಮ್ಮ 'ಒಲ್ಲೆ' ಅದು. ನಮ್ಮ ಒಲ್ಲೆಯ ಹೊಟ್ಟ್ಯಾಗೂ ಇಲ್ಲ ಕೂತದ ನೋಡು." ಹಟಮಾರಿ ಮುದುಕಿಯಿಂದ ಹೀಗೆ ಒಂದೊಂದೇ ಕಲಿಯುತ್ತಿದ್ದಾಗ, ಆ 'ಮೆ', ಆ 'ಮಿ' ಕಿವಿಗೆ ಹತ್ತತೊಡಗಿದಾಗ, ಒಂದು ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದವರಿಗೆ ಅಂದು ಸೊಸೆ ಕೇಳಿದ್ದು ಮತ್ತೆ ಕಿವಿಯಲ್ಲಿ ಕೇಳಿತು. ನೀ ಹೋಗುತ್ತಿಲ್ಲ, ಅಲ್ಲವೇ? ಅದಕ್ಕೆ ತಾವು ಹೌದು ಹೌದು ಎಂದು ಕೈ ಮುಗಿದಿದ್ದರು. ಒದ್ದೆ ಕೈಯಲ್ಲೇ ಹೋಗಿ ಸೊಸೆಯನ್ನು ಕೇಳಿದರು. ಸೊಸೆ ಗಾಬರಿಯಾಗಿ ಎಲ್ಲ ಹೇಳಿದಳು. ಏಜೆಂಟ ಅಂದು ಇಂಗ್ಲಿಷಿನಲ್ಲಿ ಫೋನ್ ಮಾಡಿ, ಅವಳು ಹೋಗುವುದಿಲ್ಲ ಎಂದು ತೀರ್ಮಾನಿಸಿದ್ದಾಳೆ, ಬೇಕಾದರೆ ಕೇಳಿ ನೋಡಿ ಎಂದಿದ್ದ. ಕೆಲಸದವಳು ನಡುವೆ ಹೋದರೆ ಬದಲಿ ಕಳಿಸುವ ಹೊಣೆ ಅವನದಾಗಿತ್ತು. ಬದಲಿ ಅವನ ಬಳಿ ಇರಲಿಲ್ಲ.

"ನನ್ನ ಬಾಯಿಲೇ ನನ್ನವ್ವನ ಮಣ್ಣು ತಪ್ಪಿಸಿದ. ಇಲ್ಲ ಅನ್ನಾಕ ಬರಂಗಿಲ್ಲ ಅಂತ ಅವನಿಗೆ ಗೊತ್ತಿತ್ತು, ಅವನ ಕಲ್ಸಿದ್ದಲ್ಲ?" ಅಂದು ನಮ್ಮ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ. "ಕಟಕ ರೊಟ್ಟಿ ಒಣಗಿಸಿ ಇಡ್ತೀವಲ್ಲ, ಹಂಗ ಇಟ್ಟೀನಿ ಸಿಟ್ಟು. ಕೆಡಂಗಿಲ್ಲ. ಈಗ ಹೇಳ್ರಿ, ಗಿತ್ಮಿಯೋರ್ಸುನ್."

ನಾವು ಹೇಳಿದೆವು. ಆ ದಿನದಿಂದ ಯಾರೂ ತಪ್ಪಲಿಲ್ಲ.

ಹುಡುಗಿಯರು ಎದುರಿನ ಮಹಡಿಯಲ್ಲಿ ಏನು ಕಲಿಯುತ್ತಿದ್ದಾರೆ ಎಂಬುದು ಏಜೆಂಟನಿಗೆ ತಿಳಿಯದೆ ಇರಲಿಲ್ಲ. ಒಂದು ಸಂಜೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪೇಡೆಯ ಡಬ್ಬಿ ಹಿಡಿದು ಮೇಲೆ ಬಂದ. ನಯವಾದ ಮನುಷ್ಯ, ದನಿ ಏರಿಸಿದ್ದನ್ನು ನಾನು ಕಾಣೆ.

"ಅಕ್ಕೋರೆ, ಎದುರಾಬದುರು ಕುಂತು ಯಾಕ್ರಿ ಜಗಳ? ನಮ್ಮ ಆಫೀಸಿನಾಗ ಬಂದು ಕಲಸ್ರಿ. ಕುರ್ಚಿ, ಫ್ಯಾನು ಎಲ್ಲಾ ಅದ."

ಅಕ್ಕೋರು ಕರಿಹಲಗೆಯಿಂದ ಮುಖ ತಿರುಗಿಸದೆ, "ಇಸ್ತೆಮೆಮ್" ಎಂದರು.

"ಹಂಗಂದ್ರ?"

"ಇಷ್ಟು ವರ್ಷ ಅಲ್ಲಿಗೆ ಹೆಣ್ಣುಮಕ್ಕಳನ್ನ ಕಳಸೀದಿ, ಇದೊಂದು ಗೊತ್ತಿಲ್ಲೇನು ನಿನಗ? ಕೂಡು. ಈ ಹುಡುಗ್ಯಾರ ಸಂಗಾಟ ಕಲಿ."

ಅವನು ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟು ಹೋದ. ಅಕ್ಕೋರು ಅದನ್ನು ಮುಟ್ಟಲಿಲ್ಲ, ನಮಗೂ ಮುಟ್ಟಗೊಡಲಿಲ್ಲ. ಇರುವೆ ಹತ್ತಿದ ಮೇಲೆ ಕೆಳಗಿನ ಟೇಲರ್ ಅದನ್ನು ಎಸೆದ.

ಏಜೆಂಟ ಏರ್ಪಡಿಸಿದ ಇಂಟರ್‌ವ್ಯೂ ಒಂದು ಲಾಡ್ಜಿನ ಹಾಲಿನಲ್ಲಿ ನಡೆಯಿತು. ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಆ ಕಡೆಯ ಹೋಟೆಲಿನ ಮ್ಯಾನೇಜರ್, ನಡುವಯಸ್ಸಿನ ಹೆಂಗಸು. ಪಕ್ಕದಲ್ಲಿ ನಿಂತ ಏಜೆಂಟ ಅವಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ಅವಳು ನಿಧಾನವಾಗಿ ತುರ್ಕಿಯಲ್ಲಿ ಕೇಳುವುದು, ಹುಡುಗಿ ಎವೆತ್ ಅನ್ನುವುದು, ಮುಗಿಯಿತು. ಮುಂದಿನ ಸಾಲಿನವರು ಅಕ್ಕೋರ ಹತ್ತಿರ ಕಲಿತವರಲ್ಲ. ರಜೆ ಇಲ್ಲದ ಕೆಲಸಕ್ಕೆ ಎವೆತ್, ಒಂದೇ ಖೋಲಿಯಲ್ಲಿ ಎಂಟು ಜನಕ್ಕೆ ಎವೆತ್.

ನನ್ನ ಪಾಳಿ ಬಂತು. ನಿಮ್ಮ ಪಾಸ್‌ಪೋರ್ಟು ನಮ್ಮ ಬಳಿ ಇರುತ್ತದೆ, ತಮಾಮ್? ಎಂದು ಅವಳು ಕೇಳಿದಳು. ಆ ನೌಕರಿ ನನಗೆ ಬೇಕಿತ್ತು. ಅಪ್ಪನ ಬೆನ್ನು ಮೂಟೆ ಹೊತ್ತು ಹೊತ್ತು ಬಾಗಿತ್ತು.

"ಹಾಯಿರ್," ಎಂದೆ. "ತಮಾಮ್ ದೇಯಿಲ್. ಪಸಪೋರ್ತುಮು ವೆರ್ಮೆಮ್." ಇಲ್ಲ. ಆಗಲ್ಲ. ನನ್ನ ಪಾಸ್‌ಪೋರ್ಟು ಕೊಡಲು ಒಲ್ಲೆ.

ಅವಳು ಕನ್ನಡಕ ತೆಗೆದಳು. ಏಜೆಂಟ ನಗುತ್ತ, ಹುಡುಗಿ ಹೆದರಿ ಏನೋ ಅಂದಳು ಎಂದು ಇಂಗ್ಲಿಷಿನಲ್ಲಿ ಹೇಳಿದ. ನನ್ನ ಪಕ್ಕದ ದೇವದುರ್ಗದ ಹುಡುಗಿ ಎದ್ದು ನಿಂತು ಅದೇ ಮಾತು ಹೇಳಿದಳು. ಅವಳ ಹಿಂದಿನವಳೂ ಹೇಳಿದಳು. ಹಿಂದಿನ ಬಾಗಿಲಿನಿಂದ ಅಕ್ಕೋರು ಒಳಗೆ ಬಂದರು. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದರು. ನೇರ ಪರದೆಯ ಮುಂದೆ ನಿಂತು, ಯಾವ ಅವಸರವೂ ಇಲ್ಲದೆ ತುರ್ಕಿಯಲ್ಲಿ ಮಾತಾಡಿದರು. ನಮಗೆ ಅರ್ಧ ತಿಳಿಯಿತು. ಅನ್ನೆಮ್ ಎಂದರೆ ನಮ್ಮವ್ವ. ಅದು ಬಂದಾಗಲೆಲ್ಲ ಆ ಹೆಂಗಸು ತಲೆ ತಗ್ಗಿಸುತ್ತಿದ್ದಳು.

ಏಜೆಂಟ ಅಡ್ಡ ಬಂದು ಇಂಗ್ಲಿಷಿನಲ್ಲಿ, ಈಕೆಗೆ ತಲೆ ಸರಿಯಿಲ್ಲ, ಹುಚ್ಚಿ ಎಂದ. ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು. ನಾನು ಪರದೆಗೆ ಕೇಳುವಂತೆ, "ದೆಲಿ ದೇಯಿಲ್. ದೋರು" ಎಂದೆ. ಹುಚ್ಚಿ ಅಲ್ಲ. ನಿಜ. ಏಜೆಂಟ ಪ್ಲಗ್ಗು ಕಿತ್ತ.

ತಡವಾಗಿತ್ತು. ಹೋಟೆಲಿನವರು ಅವನ ಜೊತೆಗಿನ ವ್ಯವಹಾರ ಬಿಟ್ಟರು. ಕೆಲವು ತಿಂಗಳ ಮೇಲೆ ಸರಕಾರದ ಪರವಾನಿಗೆ ಇದ್ದ ಹೈದರಾಬಾದಿನ ಬೇರೊಂದು ಏಜೆನ್ಸಿಯ ಮೂಲಕ ನಮ್ಮಲ್ಲಿ ಕೆಲವರನ್ನು ಕರೆದರು. ಪಾಸ್‌ಪೋರ್ಟು ನಮ್ಮ ಬಳಿಯೇ ಇರುತ್ತದೆ ಎಂದು ಮೊದಲೇ ಹೇಳಿದರು.

ಇಲ್ಲಿಗೆ ಅಕ್ಕೋರ ಸೇಡು ತೀರಿತು ಎಂದು ನಾವು ಅಂದುಕೊಂಡೆವು. ತೀರಲಿಲ್ಲ. ಏಜೆಂಟ ರಾಯಚೂರಿನ ಬೋರ್ಡು ಇಳಿಸಿ ದೇವದುರ್ಗದಲ್ಲಿ ಬೇರೆ ಹೆಸರಿನಿಂದ ಬೋರ್ಡು ಹಾಕಿದ. ಅಕ್ಕೋರು ಕರಿಹಲಗೆಯನ್ನು ಬಸ್ಸಿನ ಮೇಲೆ ಹೇರಿಸಿ ದೇವದುರ್ಗಕ್ಕೆ ಹೋದರು. ನಾನು ತುರ್ಕಿಗೆ ಹೊರಡುವವರೆಗೆ ಅವರ ಜೊತೆಗಿದ್ದೆ. ಅಲ್ಲಿ ಒಬ್ಬ ಹುಡುಗಿಯ ತಾಯಿ ಬಸ್‌ಸ್ಟ್ಯಾಂಡಿನಲ್ಲೇ ಅವರ ಸೆರಗು ಹಿಡಿದಳು.

"ಬಡವರ ಹುಡುಗ್ಯಾರ ಅನ್ನದಾಗ ಮಣ್ಣು ಹಾಕಾಕ ಬಂದೀಯೇನು? ನಿನ್ನ ಸೇಡಿಗೆ ನನ್ನ ಮಗಳ ನೌಕರಿ ಯಾಕ ಹೋಗಬೇಕು?"

"ಹೋಗಬ್ಯಾಡ ಅಂದಿಲ್ಲ ಯವ್ವಾ," ಎಂದರು ಅಕ್ಕೋರು. "ಒಲ್ಲೆ ಅನ್ನಾಕ ಬರಲಿ, ಆಮ್ಯಾಲ ಹೋಗಲಿ. ನಾಳೆ ನಿನಗ ಏನರ ಆದ್ರ ಆಕಿ ಬರಬೇಕಲ್ಲ?"

ಆ ತಾಯಿ ಸೆರಗು ಬಿಟ್ಟಳು. ಆದರೆ ಮಗಳನ್ನು ಪಾಠಕ್ಕೆ ಕಳಿಸಲಿಲ್ಲ. ಅಕ್ಕೋರಿಗೆ ಹೋದಲ್ಲೆಲ್ಲ ಇಂಥ ಮಾತು ಕೇಳುವುದಿತ್ತು. ಅವರ ತಮ್ಮನೂ ಬೇಸತ್ತು, "ಅವ್ವ ಹೋದ್ಲು, ಇವ ಹಾಳಾದ್ರ ಆಕಿ ಬರ್ತಾಳೇನು?" ಎಂದು ಮನೆಗೆ ಕರೆಯುವುದನ್ನೇ ಬಿಟ್ಟಿದ್ದ. ಬಸ್ಸಿನಲ್ಲಿ ಒಮ್ಮೆ ನಾನೂ ಕೇಳಿದೆ, "ಇನ್ನ ಸಾಕಲ್ಲರಿ ಅಕ್ಕೋರೆ?" ಹುಬ್ಬು ಏರಿದವು. ದೇವದುರ್ಗದಿಂದ ಅವನು ಮಾನ್ವಿಗೆ ಬಂದ. ಇವರೂ ಮಾನ್ವಿಗೆ ಬಂದರು. ಕೊನೆಗೆ ಆ ಧಂದೆಯನ್ನೇ ಬಿಟ್ಟು ಅವನು ಮೊಬೈಲ್ ರಿಪೇರಿಯ ಸಣ್ಣ ಡಬ್ಬಿ ಅಂಗಡಿ ಇಟ್ಟುಕೊಂಡ. ಅಕ್ಕೋರು ಅದರ ಮುಂದೆ ನಿಂತು ಒಂದು ಕಪ್ ಚಾ ಕುಡಿದು, ರಾಯಚೂರಿಗೆ ವಾಪಸಾದರಂತೆ. ಆಗ ನಾನು ಇಲ್ಲಿರಲಿಲ್ಲ.

ನಾನು ಸಮುದ್ರದಂಡೆಯ ಹೋಟೆಲಿನಲ್ಲಿದ್ದೆ. ಹಾಸಿಗೆ ಹಾಸುವುದು, ಕೋಣೆ ಗುಡಿಸುವುದು. ಕಷ್ಟದ ಕೆಲಸ, ಆದರೆ ಕೆಟ್ಟ ಜನರಲ್ಲ. ಎರಡನೆಯ ವರ್ಷ, ಮೂಟೆ ಹೊರುವಾಗ ಅಪ್ಪ ಎದೆ ಹಿಡಿದುಕೊಂಡು ಬಿದ್ದ. ಸೀಜನ್ನಿನ ಸಮಯ. ಊರಿಗೆ ಹೋಗಲು ಕೇಳಿದಾಗ ಮೇಲ್ವಿಚಾರಕ, ಈ ವಾರ ಬೇಡ, ಮುಂದಿನ ವಾರ ನೋಡೋಣ, ತಮಾಮ್? ಎಂದ. ನನ್ನ ಬಾಯಿಂದ ತಾನಾಗಿ ಬಂತು: ತಮಾಮ್ ದೇಯಿಲ್, ಬೆಕ್ಲೆಮೆಮ್. ಕಾಯಲು ಒಲ್ಲೆ. ಪಾಸ್‌ಪೋರ್ಟು ನನ್ನ ಚೀಲದಲ್ಲೇ ಇತ್ತು. ಅಂದೇ ಹೊರಟು ಬಂದೆ. ಅಪ್ಪನನ್ನು ಆಪರೇಷನ್ನಿಗೆ ಒಯ್ಯುವ ಮೊದಲು ಅವನ ಕೈ ಹಿಡಿದೆ. ಅಪ್ಪ ಉಳಿದ.

ಆ ಸುದ್ದಿ ಹೇಳಲು ಹೋದಾಗ ಅಕ್ಕೋರು ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ಕಿಡ್ನಿ ಕೈಕೊಟ್ಟಿದ್ದವು. ಮುಖ ಊದಿತ್ತು. "ಟೈಮಿಗೆ ಮುಟ್ಟಿದೇನು?" ಎಂದು ಕೇಳಿದರು. "ಮುಟ್ಟಿದ್ನಿರಿ," ಎಂದೆ. ನನ್ನ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಅಂದಿನಿಂದ ನಾನು ಅವರ ಬಳಿಯೇ ಉಳಿದೆ.

ಒಂದು ಮುಂಜಾನೆ ಏಜೆಂಟ ಬಂದ. ಅಂಗಿ ಮಾಸಿತ್ತು, ಗಡ್ಡ ಬಂದಿತ್ತು. ಎಳನೀರು ತಂದಿದ್ದ. ಮಂಚದ ಕಾಲ ಬಳಿ ನಿಂತ.

"ಅಕ್ಕೋರೆ, ಹೋದ ತಿಂಗಳು ನಮ್ಮವ್ವ ಹೋದ್ಲು. ಆಗ ತಿಳೀತು ನನಗ ನಾ ಏನು ಮಾಡೀನಿ ಅಂತ. ತಪ್ಪಾತ್ರಿ. ಮಾಫ್ ಮಾಡ್ರಿ."

ಅಕ್ಕೋರು ಕಣ್ಣು ತೆರೆದರು. "ಸಾಯೋವಾಗ ಹತ್ರ ಇದ್ದೇನು?"

"ಇದ್ನಿರಿ."

"ಮಣ್ಣು ಹಾಕಿದೇನು?"

"ಹಾಕಿದ್ನಿರಿ."

ಅಳುತ್ತಿದ್ದ ಅವನನ್ನು ನೋಡಿ ನನಗೂ ಒಳಗೆ ಏನೋ ಆಯಿತು, ಸುಳ್ಳು ಹೇಳುವುದಿಲ್ಲ. ಅಕ್ಕೋರು ಒಂದೇ ಮಾತು ಅಂದರು: "ಅಫ್ಫೆತ್ಮೆಮ್."

ಅವನು ನನ್ನ ಕಡೆ ತಿರುಗಿದ. "ಏನಂದ್ರವ್ವಾ?"

ಅಂದು ನಾನು ಬೇರೆ ಏನಾದರೂ ಹೇಳಬಹುದಿತ್ತು. ಮಾಫ್ ಮಾಡ್ಯಾರ, ಹೋಗ್ರಿ ಎಂದಿದ್ದರೆ ಅವನು ನಂಬಿ ಹೋಗುತ್ತಿದ್ದ. ಬೇರೆಯವರ ಮಾತನ್ನು ಬದಲಿಸಿ ಮುಟ್ಟಿಸುವುದು ಎಷ್ಟು ಸುಲಭ ಎಂದು ಆಗಲೇ ನನಗೆ ತಿಳಿದದ್ದು.

"ಅವರ ಭಾಷಾದಾಗ ಎರಡು ನಮೂನಿ ಅದ್ರಿ," ಎಂದೆ. "ಅಫ್ಫೆತ್ಮಿಯೋರುಮ್ ಅಂದ್ರ ಈಗ ಮಾಫ್ ಮಾಡಾಕತ್ತಿಲ್ಲ ಅಂತ. ಮುಂದ ಮಾಡಿದ್ರೂ ಮಾಡಬಹುದು. ಅಕ್ಕೋರು ಅದನ್ನ ಅಂದಿಲ್ಲ. ಅಫ್ಫೆತ್ಮೆಮ್ ಅಂದಾರ. ಒಲ್ಲೆ ಅಂತ. ಎಂದೂ ಒಲ್ಲೆ ಅಂತ."

ಅವನು ಎಳನೀರು ಅಲ್ಲೇ ಬಿಟ್ಟು ಹೋದ. ಅಕ್ಕೋರು ನನ್ನ ಕಡೆ ನೋಡಿ, "ಸರಿ ಹೇಳಿದಿ," ಅಂದರು. ಗುದ್ದಿನ ಹೊರತು ಅವರಿಂದ ನನಗೆ ಸಿಕ್ಕ ಒಂದೇ ಶಭಾಷ್‌ಗಿರಿ ಅದು.

ಆ ವಾರವೇ ಅವರು ತೀರಿಕೊಂಡರು. ಗಬ್ಬೂರಿಗೆ ಒಯ್ದು ಅವರ ಅವ್ವನ ಪಕ್ಕದಲ್ಲಿ ಕುಣಿ ತೋಡಿದರು. ತಮ್ಮ ಬಹಳ ಅತ್ತ. ಕಲಿತ ಹುಡುಗಿಯರಲ್ಲಿ ಊರಲ್ಲಿದ್ದವರೆಲ್ಲ ಬಂದಿದ್ದರು. ಪೋತ್ನಾಳದಿಂದ ಎರಡು ಬಸ್ಸು ಬದಲಿಸಿ ನಮ್ಮಪ್ಪ ಬಂದಿದ್ದ. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, "ನನ್ನ ಮಗಳನ್ನ ನನ್ನ ಕಡೆ ಕಳಿಸಿದಾಕಿ ನೀನು ಯವ್ವಾ," ಎಂದು ಹಾಕಿದ.

ಜನರ ಹಿಂದೆ ಏಜೆಂಟ ನಿಂತಿದ್ದ. ಯಾರು ಹೇಳಿದರೋ ಗೊತ್ತಿಲ್ಲ. ಎಲ್ಲರದೂ ಆದ ಮೇಲೆ, ಚಪ್ಪಲಿ ಬಿಟ್ಟು, ಒಂದು ಹಿಡಿ ಮಣ್ಣು ತುಂಬಿಕೊಂಡು ಮುಂದೆ ಬಂದ. ಅಕ್ಕೋರ ತಮ್ಮ, ಸತ್ತ ಮೇಲೆ ಇನ್ನೇನು ಎಂಬಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ನಾನು ಬಿಡಲಿಲ್ಲ. ಕುಣಿಗೂ ಅವನಿಗೂ ನಡುವೆ ಹೋಗಿ ನಿಂತೆ. ಅವನು ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಆಮೇಲೆ ಮುಷ್ಟಿ ಸಡಿಲಿಸಿ, ಮಣ್ಣನ್ನು ತನ್ನ ಕಾಲ ಬಳಿಯೇ ಬಿಟ್ಟು, ಹೊಲದ ಬದುವಿನ ಮೇಲೆ ಹಾದು ನಡೆದು ಹೋದ.